ಹೊಳೆಯವರೆಗೆ ದೋಣಿ ಹೊತ್ತವರು

ಕಾಲಿನಿಂದ ಪೆಡಲ್ ತುಳಿದು ನಡೆಸುವ ಮೀನುಗಾರಿಕೆಯ ಕಯಾಕ್ ಕೊಳ್ಳಲು ಹೊರಟವರ ಮುಂದೆ ಎರಡು ಪ್ರಶ್ನೆಗಳಿರುತ್ತವೆ. ಯಾವುದನ್ನು ಆರಿಸಬೇಕು? ಆರಿಸಿದ್ದನ್ನು ಮನೆಯಿಂದ ನೀರಿನವರೆಗೆ ಹೇಗೆ ಒಯ್ಯಬೇಕು? ಕೊಳ್ಳುವ ಹೊತ್ತಿನಲ್ಲಿ ಮೊದಲನೆಯದರ ಬಗ್ಗೆಯೇ ಮಾತೆಲ್ಲ ನಡೆಯುತ್ತದೆ. ಎರಡನೆಯದು ನೆನಪಾಗುವುದು ದೋಣಿ ಅಂಗಳಕ್ಕೆ ಬಂದು ಬಿದ್ದ ಮೇಲೆ. ದೋಣಿಗಳ ಚರಿತ್ರೆ ಓದುತ್ತ ಹೋದಂತೆ ನನಗೆ ಇವೆರಡೂ ಬೇರೆ ಬೇರೆ ಪ್ರಶ್ನೆಗಳಲ್ಲ ಅನ್ನಿಸಿದೆ. ತುಂಗಭದ್ರೆಯ ದಂಡೆಯ ಜನ ಇವೆರಡಕ್ಕೂ ಸೇರಿಸಿ ಒಂದೇ ಉತ್ತರವನ್ನು ಬಹಳ ಹಿಂದೆಯೇ ಹೆಣೆದಿಟ್ಟಿದ್ದರು. ಅದು ಹರಿಗೋಲು.

ಶಿರಹಟ್ಟಿ ತಾಲ್ಲೂಕಿನ ನಮ್ಮ ಬೆಳ್ಳಟ್ಟಿ ಹೊಳೆಯ ದಂಡೆಯ ಮೇಲಿನ ಊರಲ್ಲ. ಹೊಲಗಳನ್ನು ದಾಟಿ ದಕ್ಷಿಣಕ್ಕೆ ಹೋದರೆ ತುಂಗಭದ್ರೆ ಸಿಗುತ್ತದೆ. ಹೊಳೆ ಹತ್ತಿರ, ಆದರೆ ಮನೆ ಬಾಗಿಲಲ್ಲಿಲ್ಲ. ಇಂಥ ಊರಿನಿಂದ ನೋಡಿದಾಗ ದೋಣಿಯೆಂದರೆ ನೀರಿನ ಮೇಲೆ ತೇಲುವ ವಸ್ತು ಮಾತ್ರವಲ್ಲ, ನೆಲದ ಮೇಲೆ ಹೊರಬೇಕಾದ ವಸ್ತುವೂ ಹೌದು.

ಮೊದಲು ಹೊಸ ದೋಣಿಯ ವಿಷಯ. ಅಮೆರಿಕದ ಹೋಬಿ ಕಂಪನಿ 1997ರಲ್ಲಿ ಮಿರಾಜ್ ಡ್ರೈವ್ ಎಂಬ ಸಾಧನವನ್ನು ಮಾರುಕಟ್ಟೆಗೆ ತಂದಿತು. ಕುಳಿತಲ್ಲೇ ಎರಡು ಪೆಡಲ್‌ಗಳನ್ನು ಹಿಂದೆ ಮುಂದೆ ಒತ್ತಿದರೆ ದೋಣಿಯ ತಳದಲ್ಲಿ ಎರಡು ರೆಕ್ಕೆಗಳು ಅತ್ತಿತ್ತ ಬಡಿಯುತ್ತವೆ. ಪೆಂಗ್ವಿನ್ ಹಕ್ಕಿ ನೀರಿನೊಳಗೆ ಈಜುವ ರೀತಿಗೆ ಇದನ್ನು ಹೋಲಿಸುತ್ತಾರೆ. ಧಾರವಾಡ ಜಿಲ್ಲೆಯನ್ನು ಒಡೆದು ಗದಗ ಜಿಲ್ಲೆ ಮಾಡಿದ್ದೂ ಅದೇ ವರ್ಷ. ಎರಡಕ್ಕೂ ಸಂಬಂಧವಿಲ್ಲ, ವರ್ಷ ನೆನಪಿಡಲು ಅನುಕೂಲ ಅಷ್ಟೆ. ಆಮೇಲೆ ಸೈಕಲ್ಲಿನಂತೆ ತುಳಿದರೆ ಫ್ಯಾನು ತಿರುಗುವ ಇನ್ನೊಂದು ಬಗೆಯೂ ಬಂತು. ಅದರಲ್ಲಿ ಹಿಂದಕ್ಕೆ ತುಳಿದರೆ ದೋಣಿ ಹಿಂದಕ್ಕೆ ಬರುತ್ತದೆ. ರೆಕ್ಕೆಯ ಬಗೆಯಲ್ಲಿ ನೀರು ತೆಳುವಾದಾಗ ರೆಕ್ಕೆಗಳನ್ನು ತಳಕ್ಕೆ ಒತ್ತಿ ಮಡಿಸಿಕೊಳ್ಳಬಹುದು.

ಎರಡೂ ಬಗೆಯ ಆಕರ್ಷಣೆ ಒಂದೇ: ಹುಟ್ಟು ಹಾಕುವ ಕೆಲಸ ಕಾಲಿಗೆ ಹೋದದ್ದರಿಂದ ಕೈಗಳೆರಡೂ ಗಾಳಕ್ಕೆ ಬಿಡುವಾಗುತ್ತವೆ. ಬೆಲೆ ತೆರಬೇಕಾದದ್ದು ತೂಕದಲ್ಲಿ. ಗಟ್ಟಿ ಪ್ಲಾಸ್ಟಿಕ್ಕಿನ ಒಡಲು, ಕುರ್ಚಿ, ಚುಕ್ಕಾಣಿ, ಪೆಡಲ್ ಎಲ್ಲ ಸೇರಿ ಇಂಥ ದೋಣಿ ನಲವತ್ತು ಕಿಲೋದಿಂದ ಅರವತ್ತರವರೆಗೂ ತೂಗುತ್ತದೆ. ಅದಕ್ಕೇ ಕಾರಿನ ನೆತ್ತಿಯ ಮೇಲೆ ಕಟ್ಟುವ ಕಂಬಿ, ಹಿಂದೆ ಎಳೆಯುವ ಟ್ರೇಲರ್, ದಂಡೆಯಲ್ಲಿ ದೂಡಲು ಎರಡು ಗಾಲಿಯ ಬಂಡಿ ಬೇಕಾಗುತ್ತವೆ.

ಕಯಾಕಿನ ಮೂಲಕ್ಕೆ ಹೋದರೆ ಈ ಭಾರ ಇರಲಿಲ್ಲ. ಉತ್ತರ ಧ್ರುವದ ಸುತ್ತಲಿನ ಇನ್ಯುಯಿಟ್ ಬೇಟೆಗಾರರು ಸಮುದ್ರ ತೇಲಿಸಿ ತಂದ ಕಟ್ಟಿಗೆಯಲ್ಲಿ, ಎಲುಬಿನಲ್ಲಿ ಹಂದರ ಕಟ್ಟಿ, ಮೇಲೆ ಸೀಲ್ ಪ್ರಾಣಿಯ ತೊಗಲು ಹೊಲಿಯುತ್ತಿದ್ದರು. ಒಬ್ಬನೇ ಎತ್ತಿಕೊಂಡು ನಡೆಯಬಹುದಾದ ದೋಣಿ ಅದು. ನಮ್ಮ ಹರಿಗೋಲೂ ಇದೇ ಜಾತಿಯದು: ಬಿದಿರಿನ ದಬ್ಬೆಗಳ ಹೆಣಿಗೆ, ಹೊರಗೆ ದನದ ತೊಗಲು. ಮರ ಕಡಿಮೆ ಇರುವ ಕಡೆ, ಒಬ್ಬನೇ ಹೊರಬೇಕಾದ ಕಡೆ, ಸಂಬಂಧವೇ ಇಲ್ಲದ ಎರಡು ನಾಡುಗಳ ಜನ ಒಂದೇ ಬಗೆಯ ಕೌಶಲಕ್ಕೆ ಬಂದು ಮುಟ್ಟಿದ್ದಾರೆ. ಆದರೆ ಅವರದು ಉದ್ದ, ನಮ್ಮದು ದುಂಡಗೆ. ಸಮುದ್ರದಲ್ಲಿ ಬೇಟೆಯ ಬೆನ್ನು ಹತ್ತುವವನಿಗೆ ನೇರವಾಗಿ, ವೇಗವಾಗಿ ಸಾಗುವುದು ಮುಖ್ಯ. ಬಂಡೆಗಳ ನಡುವೆ ಹರಿಯುವ ಹೊಳೆಯಲ್ಲಿ ಮಗುಚದಿರುವುದು ಮುಖ್ಯ, ಗೇಣು ನೀರಿನಲ್ಲೂ ತೇಲುವುದು ಮುಖ್ಯ.

ದುಂಡು ದೋಣಿಯ ದೊಡ್ಡ ತೊಂದರೆ ಎಂದರೆ ಅದು ಹೊಳೆ ಹರಿದತ್ತ ಹೋದೀತು, ಎದುರು ಬರಲಾರದು. ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಕ್ರಿಸ್ತಪೂರ್ವ 5ನೆಯ ಶತಮಾನದಲ್ಲಿ ಬ್ಯಾಬಿಲೋನಿನ ಬಗ್ಗೆ ಬರೆಯುವಾಗ ಇದನ್ನೇ ಸೋಜಿಗದಿಂದ ಹೇಳಿದ್ದಾನೆ. ಅರ್ಮೇನಿಯಾದ ಕಡೆಯಿಂದ ಯೂಫ್ರೆಟಿಸ್ ನದಿಯಲ್ಲಿ ಗುರಾಣಿಯಂತೆ ದುಂಡಗಿನ ತೊಗಲ ದೋಣಿಗಳು ಸರಕು ಹೊತ್ತು ಇಳಿದು ಬರುತ್ತಿದ್ದವು. ಪ್ರತಿ ದೋಣಿಯಲ್ಲೂ ಜೀವಂತ ಕತ್ತೆಯೊಂದು ಇರುತ್ತಿತ್ತು, ದೊಡ್ಡವುಗಳಲ್ಲಿ ಇನ್ನೂ ಹೆಚ್ಚು. ಊರು ಮುಟ್ಟಿದ ಮೇಲೆ ಸರಕು ಮಾರಿ, ದೋಣಿಯ ಹಂದರವನ್ನೂ ಅಲ್ಲೇ ಮಾರಿ, ತೊಗಲನ್ನು ಮಾತ್ರ ಕತ್ತೆಯ ಮೇಲೆ ಹೇರಿ ನೆಲದ ದಾರಿಯಲ್ಲಿ ಮರಳುತ್ತಿದ್ದರು. ದೋಣಿಯನ್ನು ಹೊತ್ತೊಯ್ಯುವ ಪ್ರಾಣಿಯನ್ನು ಅದೇ ದೋಣಿ ಹೊತ್ತು ತರುತ್ತಿತ್ತು. ಇವತ್ತಿನ ಕಾರಿನ ಕಂಬಿಗೆ ಇದಕ್ಕಿಂತ ಹಳೆಯ ಪೂರ್ವಜ ನನಗಂತೂ ಸಿಕ್ಕಿಲ್ಲ.

ನಮ್ಮ ಹೊಳೆಗೆ ಬಂದರೆ, ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯೆಸ್, ಆನೆಗೊಂದಿಗೆ ದಾಟುವ ಬುಟ್ಟಿಯಂಥ ದೋಣಿಗಳನ್ನು ಕಂಡು ಬರೆದಿದ್ದಾನೆ. ಒಳಗೆ ಬೆತ್ತದಂಥ ಹೆಣಿಗೆ, ಹೊರಗೆ ತೊಗಲು. ಹದಿನೈದು ಇಪ್ಪತ್ತು ಮಂದಿ ಕೂರಬಹುದು. ಬೇಕಾದರೆ ಕುದುರೆ, ಎತ್ತುಗಳೂ ದಾಟುತ್ತವೆ, ಆದರೆ ಅವು ಸಾಮಾನ್ಯವಾಗಿ ಈಜಿಯೇ ಹೋಗುತ್ತವೆ ಎನ್ನುತ್ತಾನೆ. ದೋಣಿ ಗಿರ್ರನೆ ತಿರುಗುತ್ತಲೇ ಮುಂದೆ ಹೋಗುವುದನ್ನೂ ಗಮನಿಸಿದ್ದಾನೆ. ಈ ರಾಜ್ಯದ ಹೊಳೆಗಳಲ್ಲೆಲ್ಲ ಇದಲ್ಲದೆ ಬೇರೆ ದೋಣಿಯೇ ಇಲ್ಲ ಎಂಬುದು ಅವನ ಮಾತಿನ ಸಾರ. ಪುರಂದರದಾಸರು ಅಂಬಿಗನನ್ನು ಕರೆಯುವ ಕೀರ್ತನೆಯಲ್ಲಿ ದೇಹಕ್ಕೆ ರೂಪಕವಾಗಿ ಬರುವುದೂ ಒಂಬತ್ತು ತೂತುಗಳ ಹರಿಗೋಲೇ. ಕೇಳುವವರಿಗೆ ತಕ್ಷಣ ಕಣ್ಣಿಗೆ ಕಟ್ಟುವ ದೋಣಿ ಅದಾಗಿದ್ದಿರಬೇಕು.

ಹರಿಗೋಲನ್ನು ಆರಿಸುವುದರಲ್ಲೂ ಲೆಕ್ಕವಿದೆ. ಮೀನು ಹಿಡಿಯಲು ಆರೇಳು ಅಡಿ ಅಡ್ಡಗಲ ಸಾಕು. ಬೋರಲು ಮಾಡಿ ತಲೆ ಮತ್ತು ಬೆನ್ನಿನ ಮೇಲೆ ಹೊತ್ತರೆ ದೂರದಿಂದ ಆಮೆ ನಡೆದು ಬಂದಂತೆ ಕಾಣುತ್ತದೆ. ಜನರನ್ನು, ಚೀಲಗಳನ್ನು ದಾಟಿಸುವ ಹರಿಗೋಲು ಅದರ ಒಂದೂವರೆ, ಎರಡು ಪಟ್ಟು ಅಗಲ ಇರುತ್ತದೆ. ಅದನ್ನು ಒಬ್ಬ ಹೊರಲಾರ, ಹಾಗಾಗಿ ಅದು ಕಡವು ಬಿಟ್ಟು ಕದಲುವುದಿಲ್ಲ. ಅಂದರೆ ಎಷ್ಟು ದೊಡ್ಡದು ಬೇಕು ಎಂದು ತೀರ್ಮಾನಿಸುವಾಗ ಹೊಳೆಯ ಜೊತೆಗೆ ಹೊರುವ ಬೆನ್ನನ್ನೂ ಕೇಳಬೇಕು.

ಈ ದೋಣಿಯ ಬೆಲೆ ಸೇನೆಗಳಿಗೂ ತಿಳಿದಿತ್ತು. ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಎಂದು ಹೆಸರಾದ ಆರ್ಥರ್ ವೆಲ್ಲೆಸ್ಲಿ, ಧೋಂಡಿಯಾ ವಾಘ್‌ನ ಬೆನ್ನು ಹತ್ತಿ 1800ರ ಜೂನ್‌ನಲ್ಲಿ ಹರಿಹರದ ಬಳಿ ತುಂಗಭದ್ರೆಯನ್ನು ದಾಟಿದ. ಹೊಳೆ ಏರಿದ್ದರಿಂದ ಸೇನೆ ದಾಟಲು ದಿನಗಳೇ ಹಿಡಿದವು. ಆಮೇಲೆ ನಮ್ಮ ಈ ಸೀಮೆಯಲ್ಲೇ ಅಲೆದು, ಜುಲೈ 26ರಂದು ಈಗ ಮುಂಡರಗಿ ತಾಲ್ಲೂಕಿನಲ್ಲಿರುವ ಡಂಬಳದ ಕೋಟೆಯನ್ನು ಹಿಡಿದ. ಸೆಪ್ಟೆಂಬರ್ 10ರಂದು ಧೋಂಡಿಯಾ ಕಾಳಗದಲ್ಲಿ ಸತ್ತ. ಆ ಮಳೆಗಾಲದ ಪಾಠವನ್ನು ವೆಲ್ಲೆಸ್ಲಿ ಮರೆಯಲಿಲ್ಲ. 1803ರಲ್ಲಿ ಪುಣೆಯತ್ತ ಹೊರಟಾಗ ದಾರಿಯ ಹೊಳೆಗಳಿಗೆ ಮೊದಲೇ ಬುಟ್ಟಿ ದೋಣಿಗಳನ್ನು ಮಾಡಿಸಿಡಲು ಆಜ್ಞೆ ಮಾಡಿದ. ಹೊಳೆ ತುಂಬಿದಾಗ ದೋಣಿ ಇದ್ದವನು ದಾಟುತ್ತಾನೆ, ಇಲ್ಲದವನು ನಿಲ್ಲುತ್ತಾನೆ. ಗೆಲುವಿನ ಅರ್ಧ ಅದರಲ್ಲಿದೆ ಎಂಬುದು ಅವನ ಯೋಚನೆ. ನಮ್ಮ ಅಂಬಿಗರ ವಿದ್ಯೆ ಹೀಗೆ ಬ್ರಿಟಿಷರ ಯುದ್ಧದ ಕಡತಗಳಲ್ಲಿ ಸೇರಿಕೊಂಡಿತು.

ಶಾಂತಿಯ ಕಾಲದಲ್ಲೂ ಈ ಹೊಳೆ ಗಡಿಯಾಗಿತ್ತು. ಬ್ರಿಟಿಷರ ಆಡಳಿತದಲ್ಲಿ ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ ತಾಲ್ಲೂಕು, ಲಕ್ಷ್ಮೇಶ್ವರ ಮೀರಜ್ ಸಂಸ್ಥಾನಕ್ಕೆ ಸೇರಿದ್ದು, ಮುಂಡರಗಿ ಮುಂಬೈ ಪ್ರಾಂತದ ಧಾರವಾಡ ಜಿಲ್ಲೆಯದು. ಆಚೆ ದಂಡೆಯ ಹೂವಿನಹಡಗಲಿ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಯದು. ಎರಡೂ ದಂಡೆಯ ಮಾತು ಕನ್ನಡ, ದೇವರುಗಳು ಒಂದೇ, ಬೀಗತನ ಎರಡೂ ಕಡೆ. ಬಳ್ಳಾರಿ 1953ರಲ್ಲಿ, ಮುಂಬೈ ಪ್ರಾಂತದ ಕನ್ನಡ ಜಿಲ್ಲೆಗಳು 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರುವ ತನಕ, ಸಿಂಗಟಾಲೂರು ವೀರಭದ್ರನ ದರ್ಶನಕ್ಕೆ ಆಚೆಯಿಂದ ಬರುವವರು ಹರಿಗೋಲು ಹತ್ತಿದರೆ ಒಂದು ಪ್ರಾಂತದಿಂದ ಇನ್ನೊಂದಕ್ಕೆ ಇಳಿಯುತ್ತಿದ್ದರು. ಏಕೀಕರಣದ ಚರಿತ್ರೆಯಲ್ಲಿ ಸಭೆಗಳ, ನಾಯಕರ ಹೆಸರುಗಳಿವೆ. ಅದಕ್ಕೂ ಮೊದಲು ದಿನವೂ ಎರಡು ದಂಡೆಗಳನ್ನು ಹೊಲಿಯುತ್ತಿದ್ದ ಅಂಬಿಗರಿಗೂ ಗಂಗಾಮತಸ್ಥರಿಗೂ ಅಲ್ಲಿ ಒಂದು ಸಾಲು ಸಲ್ಲಬೇಕು.

ಇನ್ನೂ ಒಂದು ಸಾಲು ಬಾಕಿಯಿದೆ. ಕೈ ಬಿಡುವಾಗುವುದು ಪೆಡಲ್ ಕಯಾಕಿನ ದೊಡ್ಡ ಗುಣ ಎಂದೆ. ಹಾಗಾದರೆ ಹರಿಗೋಲಿನಲ್ಲಿ ಬಲೆ ಬೀಸುವವನ ಕೈ ಬಿಡುವಾಗಿದ್ದು ಹೇಗೆ? ಹರಿಗೋಲಿನಲ್ಲಿ ಮೀನು ಹಿಡಿಯುವ ಹೊಳೆಯ ದಂಡೆಯಲ್ಲಿ ನಿಂತು ನೋಡಿ: ಹಲವು ಹರಿಗೋಲುಗಳಲ್ಲಿ ಇಬ್ಬರಿರುತ್ತಾರೆ, ಗಂಡ ಬಲೆ ಬಿಡುತ್ತಾನೆ, ಹೆಂಡತಿ ಹುಟ್ಟು ಹಾಕುತ್ತಾಳೆ. ತಿರುಗುವ ದೋಣಿಯನ್ನು ತಿರುಗದಂತೆ ಹಿಡಿದು, ಬಲೆಯ ಸಾಲಿಗೆ ಸರಿಯಾಗಿ ನಿಲ್ಲಿಸುವವಳು ಅವಳು. ಎಂಜಿನಿಯರುಗಳು ತಳಕ್ಕೆ ರೆಕ್ಕೆ ಕಟ್ಟಿ ಮಾಡಿಸಿದ ಕೆಲಸ ಅದೇ. ಹೆರೊಡೋಟಸ್ ಕತ್ತೆಯನ್ನು ಎಣಿಸಿದ, ಪಾಯೆಸ್ ಕುದುರೆ ಎತ್ತುಗಳನ್ನು ಹೇಳಿದ, ವೆಲ್ಲೆಸ್ಲಿ ದೋಣಿಗಳನ್ನು ಲೆಕ್ಕ ಹಾಕಿದ. ಹುಟ್ಟು ಹಿಡಿದ ಹೆಣ್ಣನ್ನು ಅವರು ಕಂಡಂತಿಲ್ಲ. ಇವತ್ತಿಗೂ ಮೀನುಗಾರ ಎಂದಾಗ ನಾವು ಒಬ್ಬ ಗಂಡಸನ್ನೇ ನೆನೆಯುತ್ತೇವೆ. ಹಿಡಿದ ಮೀನು ಮಾತ್ರ ಇಬ್ಬರ ದುಡಿಮೆ.

ಹರಿಗೋಲು ಈಗ ಬದಲಾಗಿದೆ. ತೊಗಲಿನ ಜಾಗಕ್ಕೆ ಡಾಂಬರು ಬಳಿದ ಬಟ್ಟೆ ಬಂತು, ಆಮೇಲೆ ಪ್ಲಾಸ್ಟಿಕ್ ಹಾಳೆ, ಈಗ ಹೆಣಿಗೆಯೇ ಇಲ್ಲದ ಫೈಬರ್ ಬುಟ್ಟಿ. ಸೇತುವೆಗಳು ಬಂದು ಕಡವುಗಳ ಕೆಲಸ ಕಡಿಮೆಯಾಯಿತು. ಹೊಳೆಯೂ ಬದಲಾಗಿದೆ: ಕೆಳಗೆ ಹೊಸಪೇಟೆಯ ಬಳಿ 1953ರಲ್ಲಿ ಮುಗಿದ ಅಣೆಕಟ್ಟು, ಈಚೆ ಮುಂಡರಗಿ ತಾಲ್ಲೂಕಿನ ಹಮ್ಮಿಗಿಯಲ್ಲಿ ಸಿಂಗಟಾಲೂರು ಏತ ನೀರಾವರಿಯ ಬ್ಯಾರೇಜು. ಹರಿಯುತ್ತಿದ್ದ ನೀರು ಅಲ್ಲಲ್ಲಿ ನಿಂತಿದೆ. ನಿಂತ ನೀರಿನಲ್ಲಿ ನೇರ ಸಾಗುವ ಉದ್ದನೆಯ ದೋಣಿಗೆ ಅನುಕೂಲ ಹೆಚ್ಚು. ನಾಳೆ ಯಾರಾದರೂ ಪೆಡಲ್ ಕಯಾಕ್ ತಂದು ಇಲ್ಲಿ ಇಳಿಸಿದರೆ ಅಚ್ಚರಿಯಿಲ್ಲ.

ಅವರಿಗೆ ಹೇಳಬೇಕಾದದ್ದು ಇಷ್ಟು. ಬೇಸಿಗೆಯಲ್ಲಿ ಉಸುಕು, ಬಂಡೆ ಮೇಲೆ ಬರುವ ಹೊಳೆ ಇದು. ತಳದಿಂದ ಕೆಳಕ್ಕೆ ಚಾಚಿದ ಯಂತ್ರ ಸಿಕ್ಕಿಹಾಕಿಕೊಳ್ಳುತ್ತದೆ, ಆದ್ದರಿಂದ ಮಡಚಲು ಇಲ್ಲವೆ ಮೇಲೆತ್ತಲು ಬರುವುದನ್ನೇ ನೋಡಿಕೊಳ್ಳಿ. ಜೊತೆಗೆ ಒಂದು ಹುಟ್ಟು ಇರಲಿ. ಕೊಳ್ಳುವ ಮೊದಲು ತುಂಬಿದ ದೋಣಿಯ ತೂಕ ಕೇಳಿ, ದಂಡೆಯ ಇಳಿಜಾರನ್ನು ಕಾಲ್ನಡಿಗೆಯಲ್ಲಿ ಒಮ್ಮೆ ಇಳಿದು ಹತ್ತಿ ನೋಡಿ. ಅರವತ್ತು ಕಿಲೋದ ದೋಣಿಯನ್ನು ಕಾರಿನ ನೆತ್ತಿಗೆ ಏರಿಸಲು ಇನ್ನೊಬ್ಬರು ಇರಲೇಬೇಕು. ನೀರಿನ ಮೇಲೆ ಪೆಡಲ್ ಬಿಡಿಸಿಕೊಟ್ಟ ಆ ಎರಡನೆಯ ಜೋಡಿ ಕೈಗಳು ನೆಲದ ಮೇಲೆ ಮತ್ತೆ ಬೇಕಾಗುತ್ತವೆ. ದೋಣಿ ಕೊಳ್ಳುವ ಮೊದಲು ಅವರನ್ನೂ ಒಂದು ಮಾತು ಕೇಳಿ.