ಕಿಂಗ್‌ಸ್ಟನ್ನಿನ ಕಂಠ, ಕೊಡಗಿನ ಕೈ: ಕೆರಿಬಿಯನ್ ಮೂಲದ ಗಾಯಕರ ಚರಿತ್ರೆ

ಜಮೈಕಾದ ರಾಜಧಾನಿ ಕಿಂಗ್‌ಸ್ಟನ್ನಿನ ಬೆನ್ನಿಗೇ ಬ್ಲೂ ಮೌಂಟನ್ ಬೆಟ್ಟಸಾಲು ನಿಂತಿದೆ. ಅದರ ತುದಿ 2,256 ಮೀಟರ್, ಮುಳ್ಳಯ್ಯನಗಿರಿಗಿಂತ ಮುನ್ನೂರು ಮೀಟರಿಗೂ ಹೆಚ್ಚು ಎತ್ತರ. ಬಾಬಾಬುಡನ್ ಗಿರಿಗೆ ಹದಿನೇಳನೆಯ ಶತಮಾನದಲ್ಲಿ ಕಾಫಿ ಬಂತೆಂದು ಐತಿಹ್ಯ ಹೇಳುತ್ತದೆ. ಜಮೈಕಾಕ್ಕೆ ಅದನ್ನು 1728ರಲ್ಲಿ ತರಿಸಿದವನು ಅಲ್ಲಿನ ಮಾಜಿ ಗವರ್ನರ್ ನಿಕೋಲಸ್ ಲಾಸ್. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಬೆಳೆಗಾರರ ಬಾಯಲ್ಲಿ ಬ್ಲೂ ಮೌಂಟನ್ ಎಂದರೆ ಜಗತ್ತಿನ ದುಬಾರಿ ಕಾಫಿಗಳಲ್ಲೊಂದು. ಆ ಬೆಟ್ಟದ ಕೆಳಗಿನ ಬಡ ಕೇರಿಗಳಲ್ಲಿ ಹುಟ್ಟಿದ ಸಂಗೀತ ಅದರ ಕಾಫಿಗಿಂತ ಎಷ್ಟೋ ಹೆಚ್ಚು ಮನೆಗಳನ್ನು ಮುಟ್ಟಿತು.

ಸ್ಕಾ, ರೆಗೆ, ಡಾನ್ಸ್‌ಹಾಲ್ ಎಂದು ಕಾಲಕಾಲಕ್ಕೆ ಹೆಸರು ಬದಲಾದರೂ ಇದು ತೋಟದ ಆಳುಗಳ ಮರಿಮಕ್ಕಳು ಕಟ್ಟಿದ ಸಂಗೀತ. ಕಬ್ಬಿನ ಗದ್ದೆಗೂ ಕಾಫಿ ತೋಟಕ್ಕೂ ಆಫ್ರಿಕಾದಿಂದ ಹಿಡಿದು ತಂದ ಗುಲಾಮರಿಗೆ ಪೂರ್ತಿ ಬಿಡುಗಡೆ ಸಿಕ್ಕಿದ್ದು 1838ರ ಆಗಸ್ಟ್ 1ರಂದು. ಬಿಡುಗಡೆಯಾದವರಲ್ಲಿ ಬಹಳಷ್ಟು ಮಂದಿ ಹಳೆಯ ಧಣಿಗಳ ತೋಟಕ್ಕೆ ಮರಳಲು ಒಪ್ಪಲಿಲ್ಲ. ಆಗ ಧಣಿಗಳ ಕಣ್ಣು ಬಿದ್ದದ್ದು ಭಾರತದ ಮೇಲೆ. 1845ರ ಮೇ 10ರಂದು ‘ಬ್ಲಂಡೆಲ್’ ಎಂಬ ಹಡಗು ಜಮೈಕಾದ ಓಲ್ಡ್ ಹಾರ್ಬರ್ ಕೊಲ್ಲಿಯಲ್ಲಿ ಮೊದಲ ತಂಡದ ಭಾರತೀಯ ಕೂಲಿಗಳನ್ನು ಇಳಿಸಿತು. 1917ರಲ್ಲಿ ಈ ಕರಾರು ಕೂಲಿ ಪದ್ಧತಿ ನಿಲ್ಲುವ ಹೊತ್ತಿಗೆ ಸುಮಾರು 36,000 ಮಂದಿ ಹೋಗಿದ್ದರು. ಕೂಲಿ ಲೈನು, ಮೇಸ್ತ್ರಿ, ರೈಟರು, ಮುಂಗಡದ ಸಾಲ ಇವೆಲ್ಲ ಏನೆಂದು ಮಲೆನಾಡಿನ ಎಸ್ಟೇಟಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಾಗೆ ಹೋದವರು ಬರಿಗೈಯಲ್ಲಿ ಹೋಗಲಿಲ್ಲ. ಗಾಂಜಾ ಸೇದುವ ರೂಢಿಯೂ ಚಿಲುಮೆಯೂ ಅವರ ಜೊತೆಗೇ ದ್ವೀಪ ಸೇರಿದವು. ಮೊಹರಮ್ ಅಲ್ಲಿ ‘ಹೊಸೇ’ ಹಬ್ಬವಾಯಿತು. ಹೀಗೆಯೇ ಕೂಲಿಗಳು ಹೋದ ಟ್ರಿನಿಡಾಡಿನಲ್ಲಿ ಇಂದಿಗೂ ಮದುವೆಗೆ ಬಡಿಯುವ ತಾಸಾ, ಕರಾವಳಿಯ ಹುಲಿವೇಷಕ್ಕೆ ಬಡಿಯುವ ತಾಸೆಯ ಹತ್ತಿರದ ಬಂಧು. ಮುಂದೆ ರೆಗೆಯ ಉಸಿರಾದ ರಾಸ್ತಾಫಾರಿ ಎಂಬ ಧಾರ್ಮಿಕ ಪಂಥದ ಮೊದಲ ಪ್ರಚಾರಕ ಲಿಯೊನಾರ್ಡ್ ಹಾವೆಲ್ 1930ರ ದಶಕದಲ್ಲಿ ತನ್ನ ಪುಸ್ತಕ ಪ್ರಕಟಿಸಿದ್ದು ಜಿ.ಜಿ. ಮರಾಘ್ ಎಂಬ ಹೆಸರಿನಲ್ಲಿ. ಮರಾಘ್ ಎಂದರೆ ನಮ್ಮ ಮಹಾರಾಜ್. ರೆಗೆಯನ್ನು ಬರೀ ಆಫ್ರಿಕಾದ ಲೆಕ್ಕಕ್ಕೆ ಬರೆಯುವವರು ಈ ಪುಟವನ್ನು ಸಾಮಾನ್ಯವಾಗಿ ಹಾರಿಸಿಬಿಡುತ್ತಾರೆ.

1950ರ ದಶಕದ ಕಿಂಗ್‌ಸ್ಟನ್ನಿನಲ್ಲಿ ಬಡವರ ಮನೆಯಲ್ಲಿ ರೇಡಿಯೋ ಅಪರೂಪ, ವಾದ್ಯಗೋಷ್ಠಿ ಕರೆಸುವುದು ದೂರದ ಮಾತು. ಆ ಜಾಗವನ್ನು ತುಂಬಿದ್ದು ‘ಸೌಂಡ್ ಸಿಸ್ಟಮ್’. ಆಳೆತ್ತರದ ಸ್ಪೀಕರು, ಆಂಪ್ಲಿಫೈಯರು, ಅಮೆರಿಕದ ರಿದಂ ಅಂಡ್ ಬ್ಲೂಸ್ ರೆಕಾರ್ಡುಗಳನ್ನು ಲಾರಿಯಲ್ಲಿ ಹೇರಿಕೊಂಡು ಬಂದು ಬಯಲಲ್ಲಿ ಹೂಡಿದರೆ ರಾತ್ರಿಯಿಡೀ ಕುಣಿತ. ಡ್ಯೂಕ್ ರೀಡ್, ಕಾಕ್ಸನ್ ಡಾಡ್, ಪ್ರಿನ್ಸ್ ಬಸ್ಟರ್ ಇವರ ನಡುವಿನ ಪೈಪೋಟಿ ಎಷ್ಟು ಜೋರಿತ್ತೆಂದರೆ, ಎದುರಾಳಿಗೆ ಹಾಡಿನ ಗುರುತು ಸಿಗದಂತೆ ರೆಕಾರ್ಡಿನ ನಡುವಿನ ಚೀಟಿಯನ್ನೇ ಕೆರೆದು ತೆಗೆಯುತ್ತಿದ್ದರು. ಅಮೆರಿಕದಿಂದ ಬೇಕಾದ ಧಾಟಿಯ ಸರಕು ಬರುವುದು ಕಡಿಮೆಯಾದಾಗ ತಾವೇ ರೆಕಾರ್ಡ್ ಮಾಡಲು ಕೂತರು. 1962ರ ಆಗಸ್ಟ್ 6ರಂದು ದೇಶ ಸ್ವತಂತ್ರವಾಗುವ ಹೊತ್ತಿಗೆ ಸ್ಕಾ ಮನೆಮಾತಾಗಿತ್ತು. ಎರಡೇ ವರ್ಷದಲ್ಲಿ ಮಿಲಿ ಸ್ಮಾಲ್ ಎಂಬ ಹದಿಹರೆಯದ ಹುಡುಗಿಯ ‘ಮೈ ಬಾಯ್ ಲಾಲಿಪಾಪ್’ ಬ್ರಿಟನ್ನಿನ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿತು. ಸ್ಕಾ ನಿಧಾನಗೊಂಡು ರಾಕ್‌ಸ್ಟೆಡಿಯಾಯಿತು; 1968ರ ಸುಮಾರಿಗೆ ಅದು ರೆಗೆ.

ರೆಗೆಯ ಗುಟ್ಟು ತಿಳಿಯಬೇಕಾದರೆ ಕೈಯಲ್ಲಿ ನಾಲ್ಕು ಎಣಿಕೆಯ ತಾಳ ಹಾಕಬೇಕು. ಭಜನೆಯಲ್ಲಾಗಲಿ ಸಿನಿಮಾ ಹಾಡಿನಲ್ಲಾಗಲಿ ಗಟ್ಟಿ ಪೆಟ್ಟು ಮೊದಲ ಎಣಿಕೆಗೆ ಬೀಳುವುದು ನಮ್ಮ ಕಿವಿಗೆ ರೂಢಿ. ರೆಗೆಯ ‘ಒನ್ ಡ್ರಾಪ್’ ನಡೆಯಲ್ಲಿ ಆ ಮೊದಲ ಎಣಿಕೆಯೇ ಖಾಲಿ. ದೊಡ್ಡ ಡ್ರಮ್ಮಿನ ಪೆಟ್ಟು ಬೀಳುವುದು ಮೂರಕ್ಕೆ. ಗಿಟಾರು ಎರಡಕ್ಕೂ ನಾಲ್ಕಕ್ಕೂ ಚಕ್ಕೆಂದು ನುಡಿದು ಬಾಯಿ ಮುಚ್ಚುತ್ತದೆ, ಎಳೆದಾಡುವುದಿಲ್ಲ. ಹಾಡನ್ನು ಹೊತ್ತು ನಡೆಯುವ ಕೆಲಸ ಬೇಸ್ ಗಿಟಾರಿನದು. ಬಾಬ್ ಮಾರ್ಲಿಯ ತಂಡದಲ್ಲಿ ಈ ಕೆಲಸ ಮಾಡುತ್ತಿದ್ದವರು ಆಸ್ಟನ್ ಮತ್ತು ಕಾರ್ಲ್‌ಟನ್ ಬ್ಯಾರೆಟ್ ಎಂಬ ಅಣ್ಣತಮ್ಮಂದಿರು. ಒಬ್ಬ ಬೇಸ್, ಇನ್ನೊಬ್ಬ ಡ್ರಮ್. ಮಾರ್ಲಿಯ ಚಿತ್ರವಿರುವ ಟೀ ಶರ್ಟು ತೊಟ್ಟವರಲ್ಲಿ ಈ ಇಬ್ಬರ ಹೆಸರು ಬಲ್ಲವರು ವಿರಳ.

ಮಾರ್ಲಿಯ ಕತೆ ಎಲ್ಲರಿಗೂ ಗೊತ್ತಿರುವುದರಿಂದ ಇಲ್ಲಿ ಚುಟುಕಾಗಿ ಸಾಕು. 1945ರಲ್ಲಿ ನೈನ್ ಮೈಲ್ ಎಂಬ ಹಳ್ಳಿಯಲ್ಲಿ ಹುಟ್ಟು, 1962ರಲ್ಲಿ ಲೆಸ್ಲಿ ಕಾಂಗ್ ಎಂಬ ಚೀನೀ ಮೂಲದ ಜಮೈಕಾ ವ್ಯಾಪಾರಿಯ ಬಳಿ ಮೊದಲ ರೆಕಾರ್ಡು, 1973ರಲ್ಲಿ ‘ಕ್ಯಾಚ್ ಎ ಫೈರ್’, 1976ರ ಡಿಸೆಂಬರಿನಲ್ಲಿ ಮನೆಗೆ ನುಗ್ಗಿದ ಬಂದೂಕುಧಾರಿಗಳಿಂದ ಗಾಯ, ಎರಡು ದಿನ ಬಿಟ್ಟು ಅದೇ ಗಾಯದಲ್ಲಿ ವೇದಿಕೆ. 1981ರ ಮೇ 11ರಂದು ಕ್ಯಾನ್ಸರಿನಿಂದ ತೀರಿಕೊಂಡಾಗ ವಯಸ್ಸು 36.

ಕನ್ನಡನಾಡಿನ ನಂಟು ಕೂಡಿಕೊಳ್ಳುವುದು ಕಿಂಗ್‌ಸ್ಟನ್ನಿನಲ್ಲಲ್ಲ, ಲಂಡನ್ನಿನಲ್ಲಿ. 1948ರ ಜೂನಿನಲ್ಲಿ ‘ಎಂಪೈರ್ ವಿಂಡ್‌ರಷ್’ ಹಡಗು ಟಿಲ್‌ಬರಿ ಬಂದರಿಗೆ ಬಂದಾಗಿನಿಂದ ಕೆರಿಬಿಯನ್ ದ್ವೀಪಗಳ ಜನ ಬ್ರಿಟನ್ನಿನ ಬಸ್ಸು, ರೈಲು, ಆಸ್ಪತ್ರೆಗಳ ಕೆಲಸಕ್ಕೆ ಬಂದು ನೆಲೆಸತೊಡಗಿದರು. ಅವರಲ್ಲಿ ಹಾಡುವವರಿಗೆ ಅಲ್ಲಿ ಸುಲಭಕ್ಕೆ ಅನ್ನ ಕೊಟ್ಟದ್ದು ರೆಗೆಯಲ್ಲ, ಅಮೆರಿಕದ ಕರಿಯರ ಸೋಲ್ ಸಂಗೀತ. ಜಮೈಕಾದಲ್ಲಿ ಹುಟ್ಟಿದ ಜಿಮ್ಮಿ ಜೇಮ್ಸ್ ತನ್ನ ವ್ಯಾಗಬಾಂಡ್ಸ್ ತಂಡದೊಂದಿಗೆ 1964ರಲ್ಲಿ ಲಂಡನ್ನಿಗೆ ಬಂದು ಕ್ಲಬ್ಬಿನಿಂದ ಕ್ಲಬ್ಬಿಗೆ ಹಾಡುತ್ತಿದ್ದ. ಕಿಂಗ್‌ಸ್ಟನ್ನಿನ ಕಾರ್ಲ್ ಡಗ್ಲಸ್, ಎರಲ್ ಬ್ರೌನ್, ಟ್ರಿನಿಡಾಡಿನ ಬಿಲ್ಲಿ ಓಷನ್, ಗಯಾನಾದ ಎಡ್ಡಿ ಗ್ರಾಂಟ್ ಇದೇ ದಾರಿಯವರು. ಇವರ ಪೈಕಿ ಇಬ್ಬರ ಹಣೆಬರಹ ತಿರುಗಿದ್ದು ಬೆಂಗಳೂರಿನಲ್ಲಿ ಹುಟ್ಟಿದ ಕೊಡವರೊಬ್ಬರ ಕೈಯಿಂದ.

ಅವರು ಬಿದ್ದು ಅಪ್ಪಯ್ಯ. ಅರವತ್ತರ ದಶಕದ ಬೆಂಗಳೂರಿನಲ್ಲಿ ‘ಟ್ರೋಜನ್ಸ್’ ಎಂಬ ಪಾಪ್ ತಂಡದಲ್ಲಿ ಗಿಟಾರು ನುಡಿಸಿ ಹಾಡುತ್ತಿದ್ದ ಹುಡುಗ. ಕಲ್ಕತ್ತ, ಬೊಂಬಾಯಿಗಳಲ್ಲೂ ಹಾಡಿ, 1967ರಲ್ಲಿ ಬೀಟಲ್ಸ್ ಊರು ನೋಡುವ ಹುಚ್ಚಿನಿಂದ ಪಶ್ಚಿಮ ಏಷ್ಯಾದ ದಾರಿಯಾಗಿ ಇಂಗ್ಲೆಂಡ್ ತಲುಪಿದರು. ಅಲ್ಲಿ ಅಮೆರಿಕದ ರಾಯಭಾರ ಕಚೇರಿಯಲ್ಲಿ ಹ್ಯಾಂಬರ್ಗರ್ ಬೇಯಿಸುತ್ತ ದುಡ್ಡು ಕೂಡಿಸಿ ಸ್ಟುಡಿಯೋ ಬಾಡಿಗೆ ಹಿಡಿಯುತ್ತಿದ್ದರು. ಭಾರತದ ಹುಡುಗ ಪಾಪ್ ಹಾಡು ಮಾಡುತ್ತಾನೆಂದರೆ ಅಂದಿನ ಲಂಡನ್ನಿನ ಕಂಪನಿಗಳಿಗೆ ನಂಬಿಕೆ ಬರುತ್ತಿರಲಿಲ್ಲ. ಸಿತಾರ್ ಹಿಡಿದು ಬಂದಿದ್ದರೆ ಕೂರಿಸಿಕೊಳ್ಳುತ್ತಿದ್ದರೇನೋ. 1972ರಲ್ಲಿ ‘ಎಂಬಸಿ’ ಎಂಬ ಸಿನಿಮಾಕ್ಕೆ ಸಂಗೀತ ಮಾಡುವಾಗ ಅದರ ಹಾಡಿಗೆ ಕಂಠ ಕೊಟ್ಟವನು ಕಾರ್ಲ್ ಡಗ್ಲಸ್.

ಎರಡು ವರ್ಷದ ನಂತರ ಅದೇ ಜೋಡಿ ಮತ್ತೆ ಸ್ಟುಡಿಯೋ ಸೇರಿತು. ಬಾಡಿಗೆ ಹಿಡಿದದ್ದು ಮೂರು ಗಂಟೆ. ಮುಖ್ಯ ಹಾಡಿಗೇ ಎರಡು ಗಂಟೆಗೂ ಮಿಕ್ಕಿ ಹಿಡಿಯಿತು. ರೆಕಾರ್ಡಿನ ಹಿಂಬದಿಗೆ ಏನಾದರೂ ಬೇಕಲ್ಲ, ಬರೆದದ್ದು ಏನಿದೆ ಎಂದು ಬಿದ್ದು ಕೇಳಿದರು. ಡಗ್ಲಸ್ ತೋರಿಸಿದ ಕೆಲವು ಹಾಡುಗಳ ಸಾಹಿತ್ಯದಲ್ಲಿ ಕುಂಗ್ ಫೂ ಕುರಿತದ್ದೊಂದಿತ್ತು. ಬ್ರೂಸ್ ಲೀ ಸಿನಿಮಾಗಳ ಜ್ವರ ಏರಿದ್ದ ಕಾಲ. ಅದನ್ನೇ ಆರಿಸಿ, ಅಲ್ಲೇ ರಾಗ ಹಾಕಿ, ಉಳಿದ ಹತ್ತು ನಿಮಿಷದಲ್ಲಿ ಎರಡೇ ಸಲ ಹಾಡಿಸಿ ಮುಗಿಸಿದರು. ಹಿಂಬದಿಯ ಹಾಡನ್ನು ಯಾರು ಕೇಳುತ್ತಾರೆ ಎಂಬ ಸಸಾರದಿಂದಲೇ ಹೂ ಹಾ ಎಂಬ ಕೂಗಾಟವನ್ನು ಧಾರಾಳವಾಗಿ ಸೇರಿಸಿದರಂತೆ. ಕೇಳಿದ ಪೈ ರೆಕಾರ್ಡ್ ಕಂಪನಿಯವರು ಹಿಂಬದಿಯನ್ನೇ ಮುಂಬದಿ ಮಾಡಿದರು. ಐದು ವಾರ ರೇಡಿಯೋ ಅದನ್ನು ಮುಟ್ಟಲಿಲ್ಲ. ಕುಣಿತದ ಕ್ಲಬ್ಬುಗಳು ಎತ್ತಿಕೊಂಡವು. 1974ರ ಸೆಪ್ಟೆಂಬರಿನಲ್ಲಿ ‘ಕುಂಗ್ ಫೂ ಫೈಟಿಂಗ್’ ಬ್ರಿಟನ್ನಿನಲ್ಲಿ ಮೊದಲ ಸ್ಥಾನ, ಡಿಸೆಂಬರಿನಲ್ಲಿ ಅಮೆರಿಕದಲ್ಲೂ ಮೊದಲ ಸ್ಥಾನ. ಒಟ್ಟು ಮಾರಾಟ ಒಂದು ಕೋಟಿ ದಾಟಿತೆಂದು ಎಣಿಸುತ್ತಾರೆ.

ಇದನ್ನು ತಮಾಷೆಯ ಹಾಡೆಂದು ತಳ್ಳಿಹಾಕುವುದು ಸುಲಭ, ತಳ್ಳಿಹಾಕಿದವರೂ ಬಹಳ. ಬೀಟಿನ ಮೇಲೆ ಕಿವಿ ಇಟ್ಟರೆ ಬೇರೆಯದೇ ಸಂಗತಿ ತಿಳಿಯುತ್ತದೆ. ಡಿಸ್ಕೋ ಎಂಬ ಹೆಸರಿಗೆ ಯುರೋಪಿನಲ್ಲಿ ಇನ್ನೂ ಬೆಲೆ ಬಾರದ ಹೊತ್ತಿನಲ್ಲಿ ಅದರ ಅಡಿಪಾಯದ ಕಲ್ಲುಗಳಲ್ಲೊಂದನ್ನು ಇಟ್ಟವರು ಒಬ್ಬ ಕೊಡವ ಮತ್ತು ಒಬ್ಬ ಜಮೈಕಾದವ. 1976ರಲ್ಲಿ ಬಿದ್ದು ಅವರ ಕೈಗೆ ಸಿಕ್ಕ ಜಿಮ್ಮಿ ಜೇಮ್ಸ್ ‘ನೌ ಈಸ್ ದ ಟೈಮ್’ ಹಾಡಿನಿಂದ ಬ್ರಿಟನ್ನಿನ ಐದನೆಯ ಸ್ಥಾನಕ್ಕೇರಿದ. ಹನ್ನೆರಡು ವರ್ಷ ಕ್ಲಬ್ಬುಗಳಲ್ಲಿ ಬೆವರು ಸುರಿಸಿದ ಗಾಯಕನಿಗೆ ಅಷ್ಟು ಮೇಲಿನ ಜಾಗ ಅದೇ ಮೊದಲು. ‘ಕುರ್ಬಾನಿ’ಯ ನಾಜಿಯಾ ಹಸನ್ ಹಾಡು, 1995ರ ಅಲಿಶಾ ಚಿನಾಯ್ ‘ಮೇಡ್ ಇನ್ ಇಂಡಿಯಾ’ ಇವುಗಳಿಂದ ಬಿದ್ದು ಇಲ್ಲಿ ಪರಿಚಿತರು. ಅವರ ಕೆಲಸದ ಗಟ್ಟಿ ಭಾಗ ಈ ಇಬ್ಬರ ಜೊತೆಗಿನದು.

ಭಾರತಕ್ಕೆ ಕೆರಿಬಿಯನ್ ಸಂಗೀತ ದೊಡ್ಡ ಪ್ರಮಾಣದಲ್ಲಿ ಬಂದಿದ್ದು ಜರ್ಮನಿಯ ಬೋನಿ ಎಂ ತಂಡದ ಮೂಲಕ. ಲಿಜ್ ಮಿಚೆಲ್, ಮಾರ್ಸಿಯಾ ಬ್ಯಾರೆಟ್ ಜಮೈಕಾದವರು, ಮೇಜಿ ವಿಲಿಯಮ್ಸ್ ಮಾಂಟ್ಸೆರಾಟಿನವರು, ಕುಣಿಯುತ್ತಿದ್ದ ಬಾಬಿ ಫಾರೆಲ್ ಅರೂಬಾದವನು. ಅವನ ಬಾಯಿಗೆ ರೆಕಾರ್ಡಿನಲ್ಲಿ ದನಿಯಾಗಿದ್ದವನು ತಂಡ ಕಟ್ಟಿದ ಫ್ರಾಂಕ್ ಫರಿಯನ್. ಎಂಬತ್ತರ ದಶಕದಲ್ಲಿ ಟೇಪ್ ರೆಕಾರ್ಡರ್ ಇದ್ದ ಎಸ್ಟೇಟ್ ಬಂಗಲೆಗಳಲ್ಲೂ ಪ್ಲಾಂಟರ್ಸ್ ಕ್ಲಬ್ಬುಗಳ ಹೊಸ ವರ್ಷದ ಕುಣಿತಕ್ಕೂ ಇವರ ಕ್ಯಾಸೆಟ್ ಇರಲೇಬೇಕು. ಆದರೆ ಹಾಗೆ ಬಂದದ್ದು ಸೋಸಿ, ಸಕ್ಕರೆ ಬೆರೆಸಿದ ಸರಕು. ‘ರಿವರ್ಸ್ ಆಫ್ ಬ್ಯಾಬಿಲಾನ್’ ಮೂಲದಲ್ಲಿ ಮೆಲೋಡಿಯನ್ಸ್ ತಂಡದವರು ಲೆಸ್ಲಿ ಕಾಂಗ್ ಬಳಿಯೇ 1970ರಲ್ಲಿ ಹಾಡಿದ ರಾಸ್ತಾ ಗೀತೆ, ಸೆರೆಯಾಗಿ ದೂರದೇಶ ಸೇರಿದವರ ಅಳಲು. ಬೋನಿ ಎಂ 1978ರಲ್ಲಿ ರಾಸ್ತಾ ಪಂಥದ ಮಾತುಗಳನ್ನು ತೆಗೆದು ಹಾಡಿ ಬ್ರಿಟನ್ ಒಂದರಲ್ಲೇ 20 ಲಕ್ಷ ಪ್ರತಿ ಮಾರಿತು.

ಅತ್ತ ಕಿಂಗ್‌ಸ್ಟನ್ನಿನಲ್ಲಿ ಮಾರ್ಲಿಯ ನಂತರದ ಕಾಲ ಡಾನ್ಸ್‌ಹಾಲಿನದು. 1985ರಲ್ಲಿ ವೇನ್ ಸ್ಮಿತ್ ಹಾಡಿದ ‘ಅಂಡರ್ ಮಿ ಸ್ಲೆಂಗ್ ಟೆಂಗ್’ ಹಾಡಿನ ಹಿನ್ನೆಲೆಯಲ್ಲಿ ಡ್ರಮ್ಮು, ಬೇಸ್ ನುಡಿಸುವವರು ಯಾರೂ ಇರಲಿಲ್ಲ. ಕ್ಯಾಸಿಯೋ ಎಂಟಿ-40 ಎಂಬ ಪುಟ್ಟ ಕೀಬೋರ್ಡಿನ ಒಂದು ಗುಂಡಿ ಒತ್ತಿದರೆ ಬರುವ ತಾಳವನ್ನು ನಿಧಾನಗೊಳಿಸಿ ಬಳಸಿದ್ದರು. ಆ ತಾಳವನ್ನು ಕ್ಯಾಸಿಯೋ ಕಂಪನಿಯಲ್ಲಿ ಕೂರಿಸಿದವರು ಒಕುಡಾ ಹಿರೊಕೊ ಎಂಬ ಜಪಾನಿ ಮಹಿಳೆ, ಕಾಲೇಜಿನಲ್ಲಿ ರೆಗೆ ಮೇಲೆಯೇ ಪ್ರಬಂಧ ಬರೆದಿದ್ದವರು. ಅಲ್ಲಿಂದ ಮುಂದೆ ವಾದ್ಯಗಾರರಿಗೆ ಕೆಲಸ ಕಡಿಮೆಯಾಯಿತು, ಒಂದೇ ‘ರಿಡಿಂ’ ಅಂದರೆ ಒಂದೇ ಹಿನ್ನೆಲೆ ವಾದ್ಯದ ನಡೆಯ ಮೇಲೆ ಹತ್ತಾರು ಮಂದಿ ಬೇರೆ ಬೇರೆ ಹಾಡು ಕಟ್ಟುವ ಹಳೆಯ ಪದ್ಧತಿ ಇನ್ನೂ ಬೆಳೆಯಿತು. ಯಕ್ಷಗಾನದ ಮಟ್ಟು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ.

ಈ ಕಾಲದ ತಾರೆಗಳಲ್ಲೊಬ್ಬ ಸೂಪರ್ ಕ್ಯಾಟ್. ಅವನ ನಿಜ ಹೆಸರು ವಿಲಿಯಂ ಮರಾಘ್, ಕೂಲಿಗಳಾಗಿ ಹೋದ ಭಾರತೀಯರ ವಂಶ. ‘ವೈಲ್ಡ್ ಅಪಾಚೆ’ ಎಂದು ಕರೆಸಿಕೊಳ್ಳುತ್ತಿದ್ದ ಅವನ ಅಭಿಮಾನಿಯಾದ ಬರ್ಮಿಂಗ್‌ಹ್ಯಾಮಿನ ಪಂಜಾಬಿ ಹುಡುಗ ಸ್ಟೀವನ್ ಕಪೂರ್ ‘ಅಪಾಚೆ ಇಂಡಿಯನ್’ ಎಂದು ಹೆಸರಿಟ್ಟುಕೊಂಡು 1993ರಲ್ಲಿ ‘ಬೂಮ್ ಶ್ಯಾಕ್-ಎ-ಲ್ಯಾಕ್’ ಹಾಡಿದ. ಮೂರು ವರ್ಷದ ನಂತರ ಎ.ಆರ್. ರೆಹಮಾನ್ ಅವನನ್ನು ‘ಲವ್ ಬರ್ಡ್ಸ್’ ಎಂಬ ತಮಿಳು ಚಿತ್ರಕ್ಕೆ ಕರೆಸಿ ‘ನೋ ಪ್ರಾಬ್ಲಂ’ ಹಾಡಿಸಿದರು. ಆ ಚಿತ್ರದ ನಾಯಕ ಮೈಸೂರಿನಲ್ಲಿ ಹುಟ್ಟಿದ ಪ್ರಭುದೇವ, ಮೂಗೂರು ಸುಂದರ್ ಅವರ ಮಗ.

ಇನ್ನೊಂದು ಕವಲು ನ್ಯೂಯಾರ್ಕಿಗೆ ಹೋಯಿತು. ಕಿಂಗ್‌ಸ್ಟನ್ನಿನ ಸೌಂಡ್ ಸಿಸ್ಟಮ್ ನೋಡಿ ಬೆಳೆದ ಕ್ಲೈವ್ ಕ್ಯಾಂಬೆಲ್, ಡಿಜೆ ಕೂಲ್ ಹರ್ಕ್ ಎಂಬ ಹೆಸರಿನಲ್ಲಿ 1973ರ ಆಗಸ್ಟ್ 11ರಂದು ಬ್ರಾಂಕ್ಸಿನ ವಠಾರವೊಂದರಲ್ಲಿ ನಡೆಸಿದ ಪಾರ್ಟಿಯನ್ನು ಹಿಪ್ ಹಾಪ್ ಹುಟ್ಟಿದ ದಿನವೆಂದು ಎಣಿಸುತ್ತಾರೆ. ಹಾಸನ ಜಿಲ್ಲೆಯ ಚಂದನ್ ಶೆಟ್ಟಿ, ಬೆಂಗಳೂರಿನ ಆಲ್ ಓಕೆ ಮುಂತಾದವರ ಕನ್ನಡ ರ‍್ಯಾಪಿನ ವಂಶಾವಳಿ ಹಿಡಿದು ಹೋದರೆ ಸಿಗುವ ಅಜ್ಜಂದಿರಲ್ಲಿ ಜಮೈಕಾದ ಲಾರಿಯ ಮೇಲಿನ ಸ್ಪೀಕರಿನ ಪಕ್ಕ ಮೈಕು ಹಿಡಿದು ಮಾತು ಪೋಣಿಸುತ್ತಿದ್ದವರೂ ಇದ್ದಾರೆ.

ಉತ್ತರ ಕನ್ನಡದ ಸಿದ್ದಿಯರನ್ನು ಕೆಲವರು ಈ ಕತೆಗೆ ಎಳೆದು ತರುತ್ತಾರೆ, ಗುಂಗುರು ಕೂದಲು ಕಂಡರೆ ರೆಗೆ ನೆನಪಾಗುವವರ ಲೆಕ್ಕ ಅದು. ಸಿದ್ದಿಯರ ಪೂರ್ವಿಕರು ಬಂದಿದ್ದು ಅರಬ್ಬೀ ಸಮುದ್ರದ ದಾರಿಯಲ್ಲಿ, ಅರಬರು ಮತ್ತು ಪೋರ್ಚುಗೀಸರ ಹಡಗುಗಳಲ್ಲಿ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಅವರ ಡಮಾಮಿ ಕುಣಿತಕ್ಕೂ ಕಿಂಗ್‌ಸ್ಟನ್ನಿನ ಡ್ರಮ್ಮಿಗೂ ಆಫ್ರಿಕಾದ ಹಳೆಯ ನೆಲ ಬಿಟ್ಟರೆ ಬೇರೆ ನಂಟಿಲ್ಲ. 2021ರ ‘ಸಲಗ’ ಚಿತ್ರಕ್ಕೆ ಸಂಗೀತ ನೀಡಿದ ಚರಣ್ ರಾಜ್ ಆ ಸಮುದಾಯದ ಗಿರಿಜಾ ಸಿದ್ದಿ, ಗೀತಾ ಸಿದ್ದಿ ಮೊದಲಾದವರಿಂದ ಹಾಡಿಸಿದಾಗ ಕೇಳಿದ್ದು ಅವರದೇ ಕಾಡಿನ ದನಿ.