ದೆವ್ವ ಬಂತು, ಊರು ನಕ್ಕಿತು

ಗಾಣಗಾಪುರದ ದತ್ತನ ಗುಡಿಯಲ್ಲಿ ಮಧ್ಯಾಹ್ನದ ಆರತಿಯ ಹೊತ್ತಿಗೆ ಕಂಬ ತಬ್ಬಿ, ಸರಳು ಹಿಡಿದು ಒದ್ದಾಡುವವರನ್ನು ಅಫಜಲಪುರ ತಾಲ್ಲೂಕಿನ ಮಕ್ಕಳು ಸಣ್ಣಂದಿನಿಂದ ನೋಡಿಕೊಂಡೇ ಬೆಳೆಯುತ್ತಾರೆ. 'ಗಾಳಿ ಬಡದದ', 'ಪೀಡಾ ಹತ್ತ್ಯದ' ಎಂಬ ಮಾತು ಆಳಂದದಲ್ಲೂ ಅದೇ, ಭೀಮಾ ದಾಟಿ ಜೇವರ್ಗಿಗೆ ಹೋದರೂ ಅದೇ. ಅಂಜಿಕೆ ಇಲ್ಲಿ ಹಗಲು ಹೊತ್ತಿನದು, ಎಲ್ಲರ ಕಣ್ಣೆದುರಿನದು. ಸಂಜೆ ಕಟ್ಟೆಯ ಮೇಲೆ ಕೂತಾಗ ಇದೇ ಜನ ದೆವ್ವ ಕಂಡು ಧೋತರ ಬಿಟ್ಟು ಓಡಿದವನ ಕಥೆ ಹೇಳಿ ಹೊಟ್ಟೆ ಹುಣ್ಣಾಗುವಂತೆ ನಗುತ್ತಾರೆ. ಅಗ್ಗದ ದೆವ್ವ-ಹಾಸ್ಯದ ಸಿನಿಮಾ ನಮ್ಮ ಕಡೆಯವರಿಗೆ ಯಾಕೆ ಇಷ್ಟು ಹಿಡಿಸುತ್ತದೆ ಎಂದು ಕೇಳಿದಾಗಲೆಲ್ಲ ನನಗೆ ಆ ಕಟ್ಟೆಯೇ ನೆನಪಾಗುತ್ತದೆ.

ಅದೇ ಅಗ್ಗದ ಸಿನಿಮಾ ಬಳಗಕ್ಕೆ ಸೇರಿದ, ಸತ್ತವರು ಎದ್ದು ನಡೆಯುವ ಇಂದಿನ ಬಗೆಯ ಜಾಂಬಿ ಚಿತ್ರಗಳ ಮೂಲವೂ ಬಡತನದಲ್ಲೇ ಇದೆ. ಅಮೆರಿಕದ ಪಿಟ್ಸ್‌ಬರ್ಗ್ ಸುತ್ತಮುತ್ತ ಜಾರ್ಜ್ ರೊಮೆರೊ, 1968ರಲ್ಲಿ ತೆರೆಕಂಡ 'ನೈಟ್ ಆಫ್ ದ ಲಿವಿಂಗ್ ಡೆಡ್' ತೆಗೆದಾಗ ಖರ್ಚಾದದ್ದು ಸುಮಾರು 1 ಲಕ್ಷ 14 ಸಾವಿರ ಡಾಲರ್. ಕಪ್ಪು-ಬಿಳುಪು ಚಿತ್ರವಾದ್ದರಿಂದ ಚಾಕೊಲೇಟ್ ಪಾಕವೇ ರಕ್ತವಾಯಿತು. ಹೆಣಗಳಾಗಿ ನಡೆದವರಲ್ಲಿ ಗೆಳೆಯರು, ಪರಿಚಯದವರು, ಅಕ್ಕಪಕ್ಕದ ಊರಿನವರೇ ಹೆಚ್ಚು. ಈ ಬಗೆಯ ಚಿತ್ರದ ಗುಟ್ಟೆಲ್ಲ ಅಲ್ಲಿದೆ: ಜಾಂಬಿಗೆ ಸ್ಟಾರ್ ಬೇಕಿಲ್ಲ. ನೆರೆಮನೆಯವನು ಕಾಲೆಳೆದುಕೊಂಡು ಬಂದರೆ ಸಾಕು.

ಇಂಥ ಅಗ್ಗದ ಅಂಜಿಕೆಯನ್ನು ಕಂಡು ನಗಬಹುದೆಂದು ನ್ಯೂಜಿಲೆಂಡಿನ ಪೀಟರ್ ಜಾಕ್ಸನ್ ತೋರಿಸಿದ. ಗೆಳೆಯರನ್ನು ಕಟ್ಟಿಕೊಂಡು, ರಜೆಯ ದಿನಗಳಲ್ಲಿ ನಾಲ್ಕು ವರ್ಷ ಚಿತ್ರೀಕರಿಸಿದ 'ಬ್ಯಾಡ್ ಟೇಸ್ಟ್' 1987ರಲ್ಲಿ ಹೊರಬಂತು. ಮುಖವಾಡಗಳು ಬೆಂದದ್ದು ಅವನ ತಾಯಿಯ ಅಡುಗೆಮನೆಯ ಒಲೆಯಲ್ಲಿ. 2004ರ ಬ್ರಿಟನ್ನಿನ 'ಶಾನ್ ಆಫ್ ದ ಡೆಡ್' ಜಾಂಬಿ ಹಾಸ್ಯವನ್ನು ಇನ್ನಷ್ಟು ಜನರ ಬಳಿಗೆ ಒಯ್ದಿತು. ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದದ್ದು ಜಪಾನಿನ 'ಒನ್ ಕಟ್ ಆಫ್ ದ ಡೆಡ್' (2017). ಟೋಕಿಯೊದ ನಟನಾ ಶಾಲೆಯೊಂದರ ಕಾರ್ಯಾಗಾರದಲ್ಲಿ ಶಿನಿಚಿರೊ ಉಎದಾ ಸುಮಾರು 30 ಲಕ್ಷ ಯೆನ್‌ನಲ್ಲಿ ಮಾಡಿದ ಚಿತ್ರ ಅದು. ಮೊದಲ 37 ನಿಮಿಷ ಒಂದೇ ಶಾಟ್. ನಟನೆ ಕೆಟ್ಟದ್ದು, ಕ್ಯಾಮೆರಾ ಅಲ್ಲಾಡುತ್ತದೆ, ನೋಡುವವರು ಮುಖ ಸಿಂಡರಿಸುತ್ತಾರೆ. ಆಮೇಲೆ ಆ 37 ನಿಮಿಷ ತೆಗೆಯಲು ಒಂದು ತಂಡ ಪಟ್ಟ ಪಾಡು ತೆರೆದುಕೊಳ್ಳುತ್ತದೆ. ಕೊನೆಯಲ್ಲಿ ಮನುಷ್ಯರು ಒಬ್ಬರ ಹೆಗಲ ಮೇಲೊಬ್ಬರು ಏರಿ ನಿಂತು ಕ್ಯಾಮೆರಾ ಎತ್ತಿ ಹಿಡಿಯುವುದನ್ನು ನೋಡುತ್ತ ನಾನು ನಗುತ್ತಲೇ ಅತ್ತಿದ್ದೇನೆ.

ನಮ್ಮ ಕಡೆಗೆ ಈ ರುಚಿ ಹತ್ತಿಸಿದ್ದು ಹಿಂದಿಯ ರಾಮ್ಸೆ ಸಹೋದರರು. 1972ರ 'ದೋ ಗಜ್ ಜಮೀನ್ ಕೆ ನೀಚೆ' ಚಿತ್ರಕ್ಕೆ ಅವರು ಇಡೀ ಕುಟುಂಬವನ್ನು ಕಟ್ಟಿಕೊಂಡು ಮಹಾಬಳೇಶ್ವರಕ್ಕೆ ಹೋಗಿದ್ದರು. ಕ್ಯಾಮೆರಾ, ಧ್ವನಿ, ನಿರ್ದೇಶನ ಎಲ್ಲ ಅಣ್ಣತಮ್ಮಂದಿರ ಕೈಯಲ್ಲೇ. 1984ರ 'ಪುರಾನಾ ಮಂದಿರ್'ನಲ್ಲಿ ಸಾಮ್ರಿ ಎಂಬ ರಾಕ್ಷಸ ಒಂದು ಕಡೆ, 'ಶೋಲೆ'ಯನ್ನು ಅಣಕಿಸುವ ಜಗದೀಪನ ಹಾಸ್ಯ ಇನ್ನೊಂದು ಕಡೆ. ದಖನಿ ಮಾತು ಕಿವಿಗೆ ರೂಢಿಯಾದ ಕಲಬುರಗಿ ಸೀಮೆಗೆ ಆ ಹಿಂದಿ ಪರಕೀಯ ಅನಿಸಲಿಲ್ಲ. ವಿಸಿಆರ್ ಬಾಡಿಗೆ ತಂದು ಅಂಗಳದಲ್ಲಿ ಚಾಪೆ ಹಾಸಿ ಬೆಳಗಾಗುವವರೆಗೆ ನೋಡಿದ ಕಾಲ ಅದು. ಸಾಮ್ರಿ ಬಂದಾಗ ಹುಡುಗರು ಕೌದಿಯೊಳಗೆ, ಜಗದೀಪ ಬಂದಾಗ ಕೌದಿಯ ಹೊರಗೆ. ಮುಂದೆ 2013ರಲ್ಲಿ ಹಿಂದಿಯ 'ಗೋ ಗೋವಾ ಗಾನ್', 2021ರಲ್ಲಿ ಕರ್ನೂಲಿನ ಫ್ಯಾಕ್ಷನ್ ಜಗಳದ ನಡುವೆ ಹೆಣಗಳನ್ನು ಎಬ್ಬಿಸಿದ ತೆಲುಗಿನ 'ಜಾಂಬಿ ರೆಡ್ಡಿ' ಬಂದವು.

ಕನ್ನಡಕ್ಕೆ ಜಾಂಬಿ ದೂರದ ನೆಂಟ. ಹೆಣದೊಳಗೆ ಕೂತು ಮಾತಾಡುವ ಬೇತಾಳ ಮಾತ್ರ ಹಳೆಯ ಪರಿಚಯ, ದೆವ್ವವಂತೂ ಮನೆಯದೇ. 1979ರ 'ನಾ ನಿನ್ನ ಬಿಡಲಾರೆ' ನಗಿಸಲು ಬಂದ ಚಿತ್ರವಲ್ಲ, ಅಂಜಿಸಿ ಕಳಿಸಿತು. 2004ರಲ್ಲಿ ದ್ವಾರಕೀಶ್ ನಿರ್ಮಿಸಿದ 'ಆಪ್ತಮಿತ್ರ' ಅಂಜಿಕೆಯ ಜೊತೆ ನಗೆಯನ್ನೂ ಬಡಿಸಿತು, ಆದರೆ ಅದು ದೊಡ್ಡವರ ದೊಡ್ಡ ಚಿತ್ರ. ಕಡಿಮೆ ದುಡ್ಡಿನಲ್ಲೂ ಕನ್ನಡಿಗರನ್ನು ಅಂಜಿಸಬಹುದೆಂದು ತೋರಿಸಿದ್ದು 2013ರ '6-5=2'. ಹೊಸ ಮುಖಗಳು, ಒಂದು ಕಾಡು, ಚಾರಣಕ್ಕೆ ಹೋದವರ ಕೈಯಲ್ಲಿನ ಕ್ಯಾಮೆರಾ, ಅಷ್ಟೇ. ಮರುವರ್ಷ ಕೋಮಲ್ ಅವರ 'ನಮೋ ಭೂತಾತ್ಮ' ಬಂತು, ಅದು ತಮಿಳಿನಿಂದ ತಂದ ಕಥೆ. ನಮ್ಮದೇ ಕಥೆಯೊಂದು ಹೊರಗೆ ಹೋದದ್ದೂ ಉಂಟು. 90ರ ದಶಕದಲ್ಲಿ ಕರ್ನಾಟಕದ ಬಾಗಿಲುಗಳ ಮೇಲೆ ದೆವ್ವ ಒಳಗೆ ಬಾರದಿರಲೆಂದು ಬರೆಯುತ್ತಿದ್ದ 'ನಾಳೆ ಬಾ' 2018ರಲ್ಲಿ ಹಿಂದಿಯ 'ಸ್ತ್ರೀ' ಚಿತ್ರವಾಗಿ ದೇಶವನ್ನೆಲ್ಲ ನಗಿಸಿತು. ಆ ಕಥೆಯನ್ನು ಕನ್ನಡದವರು ಮೊದಲು ಮಾಡಲಿಲ್ಲವಲ್ಲ ಎಂಬ ಹಳಹಳಿ ನನಗೆ ಇವತ್ತಿಗೂ ಇದೆ.

2025ರ ಜುಲೈನಲ್ಲಿ ಬಂದ 'ಸು ಫ್ರಮ್ ಸೋ' ಆ ಹಳಹಳಿಯನ್ನು ಬಹಳಷ್ಟು ತಣಿಸಿತು. ರಾಜ್ ಬಿ. ಶೆಟ್ಟಿ ನಿರ್ಮಾಣದಲ್ಲಿ ಪಾಲುದಾರರು. ಬರೆದು, ನಿರ್ದೇಶಿಸಿ, ಅಶೋಕನಾಗಿ ನಟಿಸಿದವರು ಕಾಸರಗೋಡು ಗಡಿಯ ತೂಮಿನಾಡಿನಿಂದ ರಂಗಭೂಮಿಯ ಮೂಲಕ ಬಂದ ಜೆ.ಪಿ. ತೂಮಿನಾಡು. ಮಾಡಬಾರದ್ದು ಮಾಡಿ ಸಿಕ್ಕಿಬಿದ್ದ ಅಶೋಕ ಮೈಮೇಲೆ ದೆವ್ವ ಬಂದಂತೆ ನಟಿಸುತ್ತಾನೆ. ಊರು ನಂಬುತ್ತದೆ, ನಂಬಿದ ಮೇಲೆ ಬಿಡುವುದಿಲ್ಲ. ಸೋಮೇಶ್ವರದ ಸುಲೋಚನಾ ಅವನ ಮೈಯಲ್ಲಿ ಸೇರಿದ್ದಾಳೆಂದು ಊರೆಲ್ಲ ಮಾತಾಡುತ್ತದೆ. ಗ್ರಾಫಿಕ್ಸ್ ದೆವ್ವವಿಲ್ಲ, ಸ್ಟಾರ್ ಇಲ್ಲ. ಸುಮಾರು 5 ಕೋಟಿಯ ಚಿತ್ರ ನೂರು ಕೋಟಿ ದಾಟಿತು. ದುಡ್ಡಿಗಿಂತ ನನಗೆ ದೊಡ್ಡದು ಅನಿಸಿದ್ದು ಅದರ ತಿರುವು: ನಗುತ್ತ ನಗುತ್ತ ಹೋದ ಊರಿನವರು ಸತ್ತ ಸುಲೋಚನಾಳ ಮನೆ ಬಾಗಿಲಲ್ಲಿ ಒಬ್ಬ ಬದುಕಿರುವ ಹೆಣ್ಣಿನ ಕಷ್ಟಕ್ಕೆ ಎದುರಾಗಿ ನಿಲ್ಲುತ್ತಾರೆ.

ಆ ತಿರುವು ನಮ್ಮ ಮೂರು ತಾಲ್ಲೂಕುಗಳಿಗೆ ಬಹಳ ಬೇಕು. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿ ಹತ್ತಿರದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು, ವಾಸಿಯಾದೀತೆಂದು, ಕುತ್ತಿಗೆಯವರೆಗೆ ಮಣ್ಣಲ್ಲಿ ಹೂತಿದ್ದರು. ಅಳುತ್ತಿದ್ದ ಆ ಮಕ್ಕಳ ಚಿತ್ರ ನೋಡಿದವರು ಮರೆಯಲಾರರು. ರಾಜ್ಯದ ವಾಮಾಚಾರ ಪ್ರತಿಬಂಧಕ ಕಾನೂನು 2017ರಲ್ಲೇ ಆಗಿತ್ತು, ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ಅಂಜಿದ ತಾಯಿತಂದೆಯರನ್ನು ಕಾನೂನು ಹೆದರಿಸಬಹುದು. ಅಂಜಿಕೆಯನ್ನು ಎಲ್ಲರ ನಡುವೆ ಇಟ್ಟು ಸಡಿಲ ಮಾಡುವ ಕೆಲಸ ನಗೆಯದು. ಆದರೆ ಒಂದು ಕರಾರಿದೆ: ಗಾಣಗಾಪುರದ ಕಂಬ ಹಿಡಿದವಳನ್ನು ಕಂಡು ನಗಿಸುವ ಸಿನಿಮಾ ನನಗೆ ಬೇಡ. ಅವಳ ಸುತ್ತ ನಿಂತ ನಾವು ಎಷ್ಟು ಬೇಗ ನಂಬುತ್ತೇವೆ, ಎಷ್ಟು ಬೇಗ ಓಡುತ್ತೇವೆ ಎಂಬುದೇ ನಗೆಯ ವಸ್ತು ಆಗಲಿ.

ಆ ಸಿನಿಮಾಕ್ಕೆ ಬೇಕಾದದ್ದೆಲ್ಲ ಇಲ್ಲಿದೆ. ಜಾತ್ರೆಯ ಕಂಪನಿ ನಾಟಕಗಳಲ್ಲಿ ಪಳಗಿದ ಹಾಸ್ಯನಟರಿದ್ದಾರೆ. ಉತ್ತರ ಕರ್ನಾಟಕದ ಮಾತಲ್ಲೇ ಯೂಟ್ಯೂಬ್ ತುಂಬ ನಗಿಸುವ ಹುಡುಗರ ತಂಡಗಳಿವೆ. ಅವರ ವಿಡಿಯೊಗಳಲ್ಲಿ ದೆವ್ವ ಬಾರದ ವಾರವಿಲ್ಲ. ಪವರ್‌ಲೂಮಿನ ಊರಾದ ಮಾಲೇಗಾಂವದವರು 2000ದಲ್ಲೇ ತಮ್ಮ ಮಾತಲ್ಲಿ, ತಮ್ಮ ದುಡ್ಡಲ್ಲಿ 'ಮಾಲೇಗಾಂವ್ ಕೆ ಶೋಲೆ' ಮಾಡಿ ತೋರಿಸಿದ್ದಾರೆ. ತೊಗರಿಯ ನಾಡಿಗೆ ಅದು ಯಾಕೆ ಆಗಬಾರದು?

ಹೋದ ಸುಗ್ಗಿಯಲ್ಲಿ ಜೇವರ್ಗಿ ಕಡೆ ಹೋಗುವಾಗ ತೊಗರಿ ಕೊಯ್ದ ಹೊಲವೊಂದರಲ್ಲಿ ನಾಲ್ಕೈದು ಹುಡುಗರು ಮೊಬೈಲ್ ಹಿಡಿದು ಚಿತ್ರೀಕರಣ ನಡೆಸಿದ್ದರು. ಒಬ್ಬನ ಮುಖಕ್ಕೆ ಪೌಡರು, ಕಣ್ಣ ಸುತ್ತ ಕಾಡಿಗೆ. ಗದ್ದದಿಂದ ಅಂಗಿಯವರೆಗೆ ಕುಂಕುಮ ಕಲಸಿದ ನೀರು. ಕೂಳೆ ಚುಚ್ಚುತ್ತದೆಂದು ದೆವ್ವ ಕಾಲೆತ್ತಿ ಎತ್ತಿ ಇಡುತ್ತಿತ್ತು. ಬದುವಿನಲ್ಲಿ ಕೂತಿದ್ದ ಮುದುಕಿಯೊಬ್ಬಳು ನೋಡುವಷ್ಟು ನೋಡಿ, ಕೊನೆಗೆ ತಾಳಲಾರದೆ ಕೂಗಿದಳು: 'ಏ ತಮ್ಮಾ ದೆವ್ವ, ಬಿಸಲಾಗ ಎಷ್ಟೊತ್ತು ನಿಂದರ್ತಿ? ಬಾ, ಒಂದೀಟು ನೀರು ಕುಡಿ.' ಕ್ಯಾಮೆರಾ ಹಿಡಿದ ಹುಡುಗ ನಿಲ್ಲಿಸಲಿಲ್ಲ. ದೆವ್ವ ಬದುವಿಗೆ ನಡೆದು ಹೋಗಿ ಚೊಂಬು ಎತ್ತಿ ಗಟಗಟ ಕುಡಿಯುವುದೂ ಮೊಬೈಲಿನಲ್ಲಿ ಸೇರಿತು.