ಐದು ರೂಪಾಯಿ ಕಾಯಿನ್‌ನ ನೀರು

ನಿಮ್ಮ ಜೇಬಲ್ಲಿ ಐದು ರೂಪಾಯಿ ಕಾಯಿನ್ ಇದ್ಯಾ? ವೈಟ್‌ಫೀಲ್ಡ್ ಪಕ್ಕದ ವರ್ತೂರಿನ ನಮ್ಮ ವಠಾರದಲ್ಲಿ ಅಮ್ಮ ಅದನ್ನ ಖರ್ಚು ಮಾಡೋಕೆ ಬಿಡಲ್ಲ. ಅದು ಆರ್‌ಒ ಘಟಕದ 20 ಲೀಟರ್ ಕ್ಯಾನಿಗೆ ಮೀಸಲು. ಬೋರ್‌ವೆಲ್‌ನ ಗಡಸು ನೀರು ಪಾತ್ರೆ ತೊಳೆಯೋಕಷ್ಟೇ.

ಬೆಂಗಳೂರಿಗೆ ಕೊಳಾಯಿ ನೀರು ಹೊಸದೇನಲ್ಲ. 1896ರಲ್ಲಿ ಹೆಸರಘಟ್ಟದಿಂದ ಬಂತು, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ಕಾವೇರಿಯಿಂದ. ನಗರದ ಅಂಚಿಗೆ ಮಾತ್ರ ಪೈಪು ಬರಲಿಲ್ಲ. ಟೆಕ್ ಪಾರ್ಕ್‌ಗಳು ಬಂದವು, ನಗರದ ಕೊಳಚೆಯೂ ನಮ್ಮ ಕೆರೆಗೆ ಬಂದು ನೊರೆ ಉಕ್ಕಿತು.

2007ರಲ್ಲಿ ವರ್ತೂರೂ ಸೇರಿ 110 ಹಳ್ಳಿಗಳು ಬಿಬಿಎಂಪಿಗೆ ಸೇರಿದವು. ಅವುಗಳಿಗಾಗಿ ರೂಪಿಸಿದ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿದ್ದು 2024ರ ಅಕ್ಟೋಬರ್‌ನಲ್ಲಿ. ಹದಿನೇಳು ವರ್ಷ!

ಅದೇ ವರ್ಷದ ಬೇಸಿಗೆಯ ಲೆಕ್ಕ ನೋಡಿ. ಕೊಳಾಯಿ ಇದ್ದ ಮನೆಗೆ ಜಲಮಂಡಳಿಯ ಮೊದಲ ಸ್ಲ್ಯಾಬ್‌ನಲ್ಲಿ ಸಾವಿರ ಲೀಟರ್‌ಗೆ 7 ರೂಪಾಯಿ. ಜಿಲ್ಲಾಡಳಿತ ದರ ನಿಗದಿ ಮಾಡಿದ ಮೇಲೂ 6,000 ಲೀಟರ್ ಟ್ಯಾಂಕರ್‌ಗೆ ಕಡಿಮೆ ಅಂದ್ರೂ 600, ಅಂದ್ರೆ ಸಾವಿರಕ್ಕೆ 100. ನಮ್ಮ ಐದು ರೂಪಾಯಿ ಕ್ಯಾನ್ ಲೆಕ್ಕದಲ್ಲಿ? 250. ಟೆಕ್ ಪಾರ್ಕ್‌ನಲ್ಲಿ ನೆಲ ಒರೆಸೋ ಅಮ್ಮ ಆಗ ಕುಡಿಯೋ ನೀರಿಗೆ ಕೊಟ್ಟಿದ್ದು ಕೊಳಾಯಿ ಮನೆಯವರ ಮೂವತ್ತೈದು ಪಟ್ಟು.

ಪೈಪು ಬೀದಿಗೆ ಬಂದ್ರೂ ಮನೆಯೊಳಗೆ ಬರಬೇಕಾದ್ರೆ ಸಂಪರ್ಕಕ್ಕೆ ಅರ್ಜಿ ಹಾಕಿ ಶುಲ್ಕ ಕಟ್ಟಬೇಕು. ಅದನ್ನ ತೀರ್ಮಾನಿಸೋರು ಓನರ್, ಬಾಡಿಗೆಯವರಲ್ಲ. ಹಾಗಾಗಿ ಅಮ್ಮನ ಸಾಸಿವೆ ಡಬ್ಬಿಯಲ್ಲಿ ಐದರ ಕಾಯಿನ್‌ಗಳು ಇನ್ನೂ ಇವೆ.